ತಿರುಗದ ವೈಸು, ಹದಿನಾಲ್ಕು ಕೋಟು ಬಣ್ಣ

"ಅಣ್ಣಾ, ಅಪ್ಪನ ವೈಸು ಚೆನ್ನಾಗೈತಾ?" ಎಂದು ಫೋನಿನಲ್ಲಿ, ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಮಗಳು ಕೇಳಿದಳು.

"ಅದಕ್ಕೇನಾಗೈತೆ ತಂಗಿ? ಹೂವಿನಂಗೈತೆ," ಎಂದುಬಿಟ್ಟೆ.

ಕೆಲಸದ ಕಬ್ಬಿಣವನ್ನು ದವಡೆಗಳ ನಡುವೆ ಕಚ್ಚಿ ಹಿಡಿಯುವ ಆ ವೈಸಿನ ಹಿಡಿಯನ್ನು ನಾನು ಕೊನೆಯ ಸಲ ತಿರುಗಿಸಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಕೊನೆಯ ಸಲ ಬಣ್ಣ ಬಳಿದದ್ದು ಮಾತ್ರ ನೆನಪಿತ್ತು. ಹದಿನೈದು ದಿನದ ಕೆಳಗೆ, ಆಯುಧಪೂಜೆಯ ಹಿಂದಿನ ಸಂಜೆ, ಸಿಲ್ವರ್ ಬಣ್ಣ.

"ಹಂಗಾರೆ ನಂಗೆ ಬೇಕು. ಈ ಬುಧವಾರ ಅಲ್ಲ, ಮುಂದಿನ ಬುಧವಾರ. ಹಿರೇಗುಂಟನೂರಲ್ಲಿ ಉಣ್ಣೆ ತೆಗೀತಾರೆ. ಕತ್ತರಿ ಕಟ್ಟಾಕೆ ಬಾರವ್ವ ಅಂದವ್ರೆ ಮಂದೆ ಯಜಮಾನ್ರು."

"ಓ, ಒಪ್ಪಿದ್ರಾ?"

"ಎಲ್ಲಿ ಒಪ್ಪಿದ್ರು? ಒಂದ್ ಸಲ ನೋಡಾಣ ಅಂದವ್ರೆ. ಹೆಣ್ಣುಮಗಳ ಕೈಲಿ ಕತ್ತರಿ ಕಟ್ಸಿದ್ದು ನಮ್ಮಜ್ಜನ ಕಾಲ್ದಿಂದ ಇಲ್ಲ ಅಂದ್ರು. ಈ ಸಲ ಕೆಟ್ರೆ ಮತ್ತೆ ಕರೆಯಲ್ಲ ಕಣಣ್ಣ."

ಕುರಿಯ ಉಣ್ಣೆ ತೆಗೆಯುವ ಕತ್ತರಿಯನ್ನು ಕಟ್ಟುವುದೆಂದರೆ ಬರೀ ಸಾಣೆ ಹಿಡಿಯುವುದಲ್ಲ. ಎರಡು ಅಲಗುಗಳನ್ನೂ ಬಿಚ್ಚಿ, ಒಂದೊಂದನ್ನೇ ವೈಸಿನ ಬಾಯಿಗೆ ಕೊಟ್ಟು, ಸೊಟ್ಟ ತೆಗೆದು, ಅರದಿಂದ ಬಾಯಿ ಕಟ್ಟಿ, ಮತ್ತೆ ರಿವೆಟ್ ಹೊಡೆಯಬೇಕು. ಬುಡದಿಂದ ತುದಿಯವರೆಗೆ ಅಲಗಿನ ಅಂಚು ಅಂಚಿಗಷ್ಟೇ ತಾಗಬೇಕು. ಚೂರು ಹೆಚ್ಚುಕಮ್ಮಿಯಾದರೆ ಉಣ್ಣೆಯ ಬದಲು ಕುರಿಯ ಚರ್ಮ ಬರುತ್ತದೆ. ಹೊಸದುರ್ಗದ ನಮ್ಮ ಮೇಸ್ತ್ರಿ ಇದರಲ್ಲಿ ಎತ್ತಿದ ಕೈ. ಉಣ್ಣೆ ತೆಗೆಯುವ ದಿನ ಕತ್ತರಿ ಕಟ್ಟುವವರು ವೈಸು ಹೊತ್ತುಕೊಂಡು ಮಂದೆಯ ಹತ್ತಿರವೇ ಹೋಗಿ ಕೂರಬೇಕು, ಮೊಂಡಾದ ಕತ್ತರಿಯನ್ನು ಅಲ್ಲೇ ಕಟ್ಟಿಕೊಡಬೇಕು. ಅದು ಕುರಿಯವರಲ್ಲಿ ನಡೆದುಬಂದ ಪದ್ಧತಿ. ಮೇಸ್ತ್ರಿಗೆ ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿ, ಆ ವೈಸನ್ನು ಹೊಳಲ್ಕೆರೆಯ ನನ್ನ ಶೆಡ್ಡಿಗೆ ಕಳಿಸಿದ್ದರು. "ಇಟ್ಕ. ನಾವು ಕೇಳ್ದಾಗ ಕೊಡು," ಅಂದಿದ್ದರು. ಈಗ ಮೇಸ್ತ್ರಿ ಇಲ್ಲ. ಕೆಲಸ ಮಗಳ ಕೈಗೆ ಬಂದಿದೆ. ಅವಳ ಮನೆಯಲ್ಲಿರುವ ಪುಟ್ಟ ವೈಸು ಅಲಗನ್ನು ಹಿಡಿದ ಹಾಗೆ ಮಾಡಿ ಜಾರಿಸುತ್ತದೆ.

ಫೋನ್ ಇಟ್ಟವನೇ ಶೆಡ್ಡಿನ ಹಿಂದಕ್ಕೆ ಹೋದೆ. ಬೇವಿನ ಕೊರಡಿನ ಮೇಲೆ ವೈಸು ಮದುವಣಿಗನ ಹಾಗೆ ಹೊಳೆಯುತ್ತ ಕೂತಿತ್ತು. ಹಿಡಿಯನ್ನು ಎಳೆದೆ. ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ ಎಳೆದೆ. ಕೊರಡೇ ಅಲ್ಲಾಡಿತು.

ಇದರಲ್ಲಿ ನಾನು ಮಾಡಿದ ಅಪಚಾರವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಹದಿನಾಲ್ಕು ವರ್ಷ ಆ ವೈಸಿನಲ್ಲಿ ನಾನು ಒಂದು ಮೊಳೆಯನ್ನೂ ಕಚ್ಚಿಸಿರಲಿಲ್ಲ. ಪಂಪು, ಅಡಿಕೆ ಸುಲಿಯುವ ಯಂತ್ರ, ಎಲ್ಲ ರಿಪೇರಿಗೂ ಒಳಗೆ, ಮೇಜಿಗೇ ಬೆಸುಗೆ ಹಾಕಿ ಕೂರಿಸಿದ ಬೇರೆ ವೈಸಿದೆ. ಇದು ಮೇಸ್ತ್ರಿಯದು, ಯಾರೂ ಮುಟ್ಟಬಾರದು ಎಂದು ಕಾನೂನು ಮಾಡಿದ್ದೆ. ಮಳೆಗಾಲದಲ್ಲಿ ತಗಡಿನ ಸೂರಿನಿಂದ ನೀರು ಬಡಿಯುತ್ತದೆ ಎಂದು ಗೊತ್ತಿದ್ದರೂ ಒಳಗೆ ಜಾಗ ಮಾಡಿರಲಿಲ್ಲ. ಪೂಜೆಯ ದಿನ ಮಾತ್ರ ಮೊದಲ ಕಾಯಿ ಅದಕ್ಕೇ.

ಮಂಗಳವಾರ ಬೆಳಿಗ್ಗೆ ಕೊರಡಿನಿಂದ ಬಿಚ್ಚಲು ಕೂತೆ. ಬುಡದ ನಾಲ್ಕು ಬೋಲ್ಟುಗಳಲ್ಲಿ ಒಂದೂ ಸ್ಪ್ಯಾನರಿಗೆ ಬಗ್ಗಲಿಲ್ಲ. ಉಳಿ ಇಟ್ಟು ನಟ್ಟುಗಳನ್ನು ಸೀಳಿದೆ. ಪಕ್ಕದ ಶೆಡ್ಡಿನ ವೆಲ್ಡಿಂಗ್‌ನವನು, ನನ್ನ ಓರಗೆಯವನೇ, ಎತ್ತಲು ಕೈ ಕೊಟ್ಟ.

"ಏನ್ ಲೇ ಇದು, ಕೂಸಿದ್ದಂಗೈತೆ ನೋಡಾಕೆ, ಎತ್ತಿದ್ರೆ ಎಮ್ಮೆ!" ಎಂದು ಏದುಸಿರು ಬಿಟ್ಟ. ಹಿಡಿಯನ್ನು ಒಮ್ಮೆ ಎಳೆದು ನೋಡಿ, "ಒಳಗೆ ಸ್ಕ್ರೂ ನಟ್ಟು ಒಂದಾಗವೆ. ಗ್ಯಾಸ್ ಹಚ್ಚು, ಐದು ನಿಮಿಷದ ಕೆಲ್ಸ," ಎಂದ.

"ಬೀಡುಕಬ್ಬಿಣ ಕಣೋ. ಬೆಂಕಿ ತೋರ್ಸಿದ್ರೆ ಸೀಳುತ್ತೆ."

"ಸೀಳಿದ್ರೆ ನಾನೇ ಬೆಸುಗೆ ಹಾಕ್ತೀನಿ."

ಅವನಿಗೆ ಎರಡೂ ಕಡೆಯಿಂದ ಕೆಲಸ. ನಾನು ಬೇಡವೆಂದೆ. ಸೀಮೆಎಣ್ಣೆಗೆ ಗೇರ್ ಎಣ್ಣೆ ಬೆರೆಸಿ, ವೈಸನ್ನು ಮಗ್ಗುಲಾಗಿಸಿ, ಕೆಳಗಡೆ ಕಾಣುವ ಸ್ಕ್ರೂವಿನ ಸುರುಳಿ ಎಳೆಗಳಿಗೆಲ್ಲ ಬಳಿದೆ. ಇನ್ನು ಕಾಯಬೇಕು. ಕಾಯುವುದೊಂದು ಬಿಟ್ಟು ಉಳಿದೆಲ್ಲ ಕೆಲಸ ನನಗೆ ಬರುತ್ತದೆ. ಗಂಟೆಗೊಮ್ಮೆ ಹೋಗಿ ಹಿಡಿ ಎಳೆಯುವುದು, ಸುತ್ತಿಗೆಯಿಂದ ತಟ್ಟುವುದು, ಬಂದು ಕೂರುವುದು, ಮತ್ತೆ ಏಳುವುದು. ಬುಧವಾರ ಮಧ್ಯಾಹ್ನ ತಡೆಯಲಾರದೆ ಹಿಡಿಗೆ ಮೂರು ಅಡಿ ಪೈಪು ತೊಡಿಸಿ ಭಾರ ಬಿಟ್ಟೆ. ತಿರುಗಿತು! ಸಂತೋಷದಿಂದ ಕಣ್ಣು ಬಿಟ್ಟು ನೋಡಿದರೆ ತಿರುಗಿದ್ದು ಸ್ಕ್ರೂ ಅಲ್ಲ. ಹಿಡಿಯ ಸರಳು ಬಾಳೆಹಣ್ಣಿನ ಹಾಗೆ ಬಗ್ಗಿತ್ತು.

ಅಂದು ಸಂಜೆಯಿಂದಲೇ ಮನಸ್ಸಿನಲ್ಲಿ ನೆಪಗಳನ್ನು ಜೋಡಿಸತೊಡಗಿದೆ. ಕಳುವಾಯಿತು ಅನ್ನಲೇ? ಅಷ್ಟು ಭಾರದ್ದನ್ನು ಕದ್ದವನಿಗೆ ಸನ್ಮಾನ ಮಾಡಬೇಕಾಗುತ್ತದೆ.

ದೊಡ್ಡದು ಆಗದಿದ್ದರೆ ಚಿಕ್ಕದಾದರೂ ಆಗಲಿ ಎಂದು ಗುರುವಾರ ದವಡೆಯ ಪಟ್ಟಿಗಳಿಗೆ ಕೈ ಹಾಕಿದೆ. ವೈಸಿನ ಬಾಯಲ್ಲಿ ಹಲ್ಲಿನಂತೆ ಕೂತ ಎರಡು ಉಕ್ಕಿನ ಪಟ್ಟಿಗಳವು, ಒಂದೊಂದಕ್ಕೆ ಎರಡೆರಡು ಸ್ಕ್ರೂ. ದವಡೆಗಳ ನಡುವೆ ಮೂರು ಬೆರಳು ತೂರುವಷ್ಟೇ ಸಂದು. ಮೊಂಡು ಸ್ಕ್ರೂಡ್ರೈವರ್ ಒಂದನ್ನು ಕೊಯ್ದು ಗಿಡ್ಡ ಮಾಡಿ, ಸ್ಪ್ಯಾನರಿನಿಂದ ಹಿಡಿದು ತಿರುಗಿಸಬೇಕಾಯಿತು. ಮೂರು ಬಂದವು. ನಾಲ್ಕನೆಯದರ ತಲೆ ಕೈಗೆ ಬಂತು, ಮೈ ಒಳಗೇ ಉಳಿಯಿತು. ಅದನ್ನು ಕೊರೆಯಲು ನೇರವಾಗಿ ಡ್ರಿಲ್ಲು ಹೋಗುವುದಿಲ್ಲ. ದವಡೆ ಬಿಚ್ಚುವ ತನಕ ಅದಕ್ಕೂ ಕಾಯಬೇಕು.

ಬಂದ ಪಟ್ಟಿ, ಸ್ಕ್ರೂಗಳನ್ನು ಹುಣಸೆ ರಸದಲ್ಲಿ ನೆನೆಹಾಕಿದೆ. ತುಕ್ಕಿಗೆ ಹುಣಸೆಯಷ್ಟು ಒಳ್ಳೆಯ ಔಷಧಿ ಇಲ್ಲ. ಆದರೆ ಡಬ್ಬಿ ಹುಡುಕುವಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದೆ.

"ಸಾರಿಗಿಟ್ಟ ಹಣ್ಣು ಕಣ್ರೀ ಅದು."

"ಎರಡೇ ಉಂಡೆ ಕಣೆ."

"ಮಾಡಿದ ಸಾರಿಗೆ ಹುಳಿ ಕಮ್ಮಿ ಅಂತ ಮುಖ ಸಿಂಡರಿಸ್ತೀರ. ಕಬ್ಬಿಣ ಬಾಯಿಬಿಟ್ಟು ಕೇಳ್ತಾ?"

ಶುಕ್ರವಾರ ಬೆಳಿಗ್ಗೆ ರಸದಿಂದ ತೆಗೆದು ಉಜ್ಜಿದರೆ ಪಟ್ಟಿಗಳು ಬೂದು ಬಣ್ಣಕ್ಕೆ ತಿರುಗಿ, ಹಿಡಿತಕ್ಕಾಗಿ ಕೊರೆದ ಅಡ್ಡಗೆರೆಗಳೆಲ್ಲ ಎದ್ದು ಕಾಣುತ್ತಿದ್ದವು. ಆ ವಾರದಲ್ಲಿ ಮೊದಲ ಸಲ ಸಿಳ್ಳೆ ಹಾಕಿದೆ. ಸಿಳ್ಳೆಯ ಗುಂಗಿನಲ್ಲಿ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಚಿತ್ರದುರ್ಗದ ಬಸ್ಸು ಹತ್ತಿದೆ. ಹೋದದ್ದು ಯಾಕೆಂದು ಹೇಳಲು ನಾಚಿಕೆಯಾಗುತ್ತದೆ. ಹೊಸ ವೈಸು ನೋಡಲು. ಅದೇ ಅಳತೆಯದು ಸಿಕ್ಕರೆ ಒಂದಷ್ಟು ಸುತ್ತಿಗೆ ಏಟು ಕೊಟ್ಟು, ಮೇಲೆ ಸಿಲ್ವರ್ ಬಳಿದು, "ತಗಳಮ್ಮ ನಿಮ್ಮಪ್ಪಂದು" ಎಂದು ಕೊಟ್ಟರೆ ಹೇಗೆ? ಅಂಗಡಿಯಲ್ಲಿ ಅಂಥದೇ ಒಂದಿತ್ತು. ಒಂದೇ ಕೈಯಲ್ಲಿ ಎತ್ತಿದೆ. ಎದ್ದುಬಿಟ್ಟಿತು. ಬೆರಳಿನಿಂದ ತಟ್ಟಿದರೆ ತಗಡಿನ ಡಬ್ಬಿಯ ಸದ್ದು. ಮೇಸ್ತ್ರಿಯ ಮಗಳು ಅದನ್ನು ಮುಟ್ಟುವ ಮೊದಲೇ ಮೋಸ ಹಿಡಿದುಹಾಕುತ್ತಾಳೆ ಎಂದು ಗೊತ್ತಾಗಿ ಕೆಳಗಿಟ್ಟು, ಎರಡು ಹ್ಯಾಕ್ಸಾ ಬ್ಲೇಡು ಕೊಂಡು ವಾಪಸು ಬಂದೆ.

ಬಂದು ನೋಡಿದರೆ ಬಿಸಿಲಿಗಿಟ್ಟ ಪಟ್ಟಿಗಳ ಮೈತುಂಬ ಅರಿಶಿನ ಮೆತ್ತಿದ ಹಾಗೆ ಹೊಸ ತುಕ್ಕು. ಹುಳಿಯಿಂದ ತೆಗೆದ ಕಬ್ಬಿಣವನ್ನು ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಒಲೆಯ ಮೇಲೆ ಒಣಗಿಸಿ, ಬಿಸಿಯಿರುವಾಗಲೇ ಎಣ್ಣೆ ಸವರಬೇಕು. ಇದನ್ನು ನಾನೇ ಎಷ್ಟು ಜನರಿಗೆ ಹೇಳಿಕೊಟ್ಟಿದ್ದೇನೋ. ಮತ್ತೆ ಹುಣಸೆ, ಮತ್ತೆ ಹೆಂಡತಿ.

ಶನಿವಾರ ಬೆಳಿಗ್ಗೆ ಧೈರ್ಯ ಕೆಟ್ಟಿತು. ನಾಲ್ಕು ದಿನ ಎಣ್ಣೆ ಕುಡಿದರೂ ಸ್ಕ್ರೂ ಕೂದಲೆಳೆಯಷ್ಟೂ ಕದಲಿರಲಿಲ್ಲ. ನಾನೇ ಹೋಗಿ ವೆಲ್ಡಿಂಗ್‌ನವನನ್ನು ಕರೆದೆ.

"ಹಚ್ಚಪ್ಪ. ಆದ್ರೆ ನಿಧಾನ."

"ಮೊದ್ಲೇ ಹೇಳಿದ್ನಲ್ಲ," ಎನ್ನುತ್ತ ಅವನು ಗ್ಯಾಸಿನ ನಳಿಗೆ ಎಳೆದುಕೊಂಡು ಬಂದ. ನೀಲಿ ಜ್ವಾಲೆಯನ್ನು ಹಿಂದಿನ ದವಡೆಯ ಮಗ್ಗುಲಿಗೆ ಹಿಡಿದ. ಅರ್ಧ ನಿಮಿಷವಾಗಿರಲಿಕ್ಕಿಲ್ಲ, ಸಿಲ್ವರ್ ಬಣ್ಣ ಹಪ್ಪಳದ ಹಾಗೆ ಉಬ್ಬಿತು, ಕೆಟ್ಟ ವಾಸನೆಯ ಹೊಗೆ ಎದ್ದಿತು, "ಟಣ್" ಎಂದು ಸದ್ದಾಯಿತು.

"ನಿಲ್ಸೋ! ನಿಲ್ಸೋ!"

ಅವನು ಗಾಬರಿಯಾಗಿ ಆರಿಸಿದ. ಬಗ್ಗಿ ನೋಡಿದೆ. ಸೀಳಿದ್ದು ಬೀಡುಕಬ್ಬಿಣವಲ್ಲ, ಬಣ್ಣದ ದಪ್ಪ ಪದರವೊಂದು ಬಿಟ್ಟುಕೊಂಡು ಸಿಡಿದು ಪಕ್ಕದ ತಗಡಿಗೆ ಬಡಿದಿತ್ತು.

"ಬಣ್ಣ ಕಣಲೇ! ಇನ್ನೊಂದ್ ಎರಡು ನಿಮಿಷ ಕೊಡು, ಬಿಡುತ್ತೆ."

ಬಿಡುತ್ತಿತ್ತೋ ಏನೋ. ಸೀಳುತ್ತಿತ್ತೋ ಏನೋ. ಆ ಎರಡು ನಿಮಿಷವನ್ನು ನಾನು ಕೊಡಲಿಲ್ಲ. ಅಂದು ಮಾಡಿದ ತೀರ್ಮಾನವನ್ನು ಬುದ್ಧಿವಂತಿಕೆ ಎಂದು ಹೇಳಿಕೊಳ್ಳಲಾರೆ. ಸೀಳಿದ ವೈಸನ್ನು ಅವಳ ಮುಂದಿಡುವ ಹೆದರಿಕೆ, ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳುವ ಹೆದರಿಕೆಗಿಂತ ತುಸು ದೊಡ್ಡದಾಯಿತು, ಅಷ್ಟೇ. ಇನ್ನೂ ನಾಲ್ಕು ದಿನವಿದೆ, ಈಗಲೇ ಹೇಳಿದರೆ ಅವಳು ಬೇರೆ ಏನಾದರೂ ದಾರಿ ನೋಡಿಕೊಂಡಾಳು ಎಂದುಕೊಂಡು ಫೋನ್ ಮಾಡಿದೆ.

"ತಂಗಿ, ವೈಸು ಹೂವಿನಂಗಿಲ್ಲ. ಹಿಡಕಂಬಿಟ್ಟೈತೆ. ಅಲ್ಲಾಡ್ತಾ ಇಲ್ಲ."

ಅತ್ತ ಅವಳ ಮನೆಯ ಕುಕ್ಕರು ಎರಡು ಸಲ ಕೂಗಿತು.

"ಗೊತ್ತಿತ್ತು," ಎಂದಳು.

"ಹೆಂಗೆ?"

"ನೀನು ಯಾವತ್ತಾರ ಏನಾರ ಚೆನ್ನಾಗೈತೆ ಅಂದಿದೀಯಾ ಅಣ್ಣ? ಹೊಸ ಪಂಪು ತಂದ್ರೂ ಇದು ಸುಟ್ಟೋಗುತ್ತೆ ಅನ್ನೋನು ನೀನು. ಮೊನ್ನೆ ಹೂವು ಅಂದ ತಕ್ಷಣ ಅನ್ಕಂಡೆ, ಏನೋ ಆಗೈತೆ ಅಂತ." ಅದೇ ಉಸಿರಿನಲ್ಲಿ ಕೇಳಿದಳು, "ಎಣ್ಣೆ ತೂತಿಗೆ ಎಣ್ಣೆ ಬಿಟ್ಯಾ?"

"ಯಾವ ತೂತು?"

"ಅಯ್ಯೋ ನಮ್ಮಪ್ಪಾ!" ಎಂದಳು. "ಒಂಬತ್ತು ವರ್ಷ ಅದ್ರ ಮುಂದೆ ನಿಂತು ಅರ ಎಳ್ದಿದೀಯಲ್ಲ! ಹಿಂದಿನ ದವಡೆ ಬೆನ್ನ ಮೇಲೆ, ಮಧ್ಯಕ್ಕೆ, ಬತ್ತದ ಕಾಳು ತೂರೋವಷ್ಟು. ಅದು ಸೀದಾ ನಟ್ಟಿಗೆ ಹೋಗುತ್ತೆ. ಇಸ್ಕೂಲಿಂದ ಬಂದ ತಕ್ಷಣ ಮೂರು ತೊಟ್ಟು ಬಿಡಾದು ನನ್ ಕೆಲ್ಸ. ಬಿಡ್ದಿದ್ರೆ ಅಪ್ಪ ಬಿಸ್ಕೀಟು ಕೊಡ್ತಿರಲಿಲ್ಲ."

ಆಗ ನಾವು ಕೆಲಸ ಕಲಿಯುವವರೆಲ್ಲ ಟೀ ಕುಡಿಯಲು ಹೋಗಿರುತ್ತಿದ್ದೆವು. ಎಣ್ಣೆ ಬಿಡುವುದು ಮಕ್ಕಳ ಕೆಲಸ, ಅರ ಹಿಡಿಯುವುದು ನಮ್ಮದು. ನಾವು ಬರುವಷ್ಟರಲ್ಲಿ ವೈಸು ಬೆಣ್ಣೆಯಂತೆ ತಿರುಗುತ್ತಿತ್ತು. ಹಾಗೆ ತಿರುಗುವುದು ಅದರ ಗುಣ ಎಂದುಕೊಂಡಿದ್ದೆ.

ಅವಳು ಹೇಳಿದ ಜಾಗದಲ್ಲಿ ತೂತಿರಲಿಲ್ಲ. ನುಣ್ಣಗಿತ್ತು. ತೆಳು ಉಳಿಯಿಂದ ಕೆರೆಯಲು ಕೂತೆ. ಈ ವರ್ಷದ ಸಿಲ್ವರು, ಅದರಡಿ ಕಿಟಕಿಗೆ ತಂದು ಉಳಿದ ಹಸಿರು, ಅದರಡಿ ಗೇಟಿನ ಕಪ್ಪು, ಯಾವುದೋ ವರ್ಷದ ನೀಲಿ. ಪ್ರತಿ ಎರಡು ಪದರಗಳ ನಡುವೆಯೂ ಒರೆಸದೆ ಬಿಟ್ಟ ಕುಂಕುಮದ ಕೆಂಪು ಗೆರೆ. ಎಣಿಸಿದೆ. ಹದಿನಾಲ್ಕು. ಮೇಸ್ತ್ರಿ ಪೂಜೆಯ ದಿನ ಮೈಗೆ ಎಣ್ಣೆ ಸವರಿ ಒಂದು ಬೊಟ್ಟು ಇಡುತ್ತಿದ್ದರೇ ಹೊರತು ಬಣ್ಣ ಬಳಿದವರಲ್ಲ. ಬಣ್ಣದ ಭಕ್ತಿ ಪೂರ್ತಿ ನನ್ನದು. ವರ್ಷಕ್ಕೊಂದು ಕೋಟು ಬಳಿದು ಬಳಿದು ನಾನೇ ಅದರ ಗಂಟಲು ಕಟ್ಟಿದ್ದೆ. ಹೊರಗಿನಿಂದ ಬಳಿದ ಎಣ್ಣೆ ನಟ್ಟಿನ ಒಳಗೆ ಇಳಿದೇ ಇರಲಿಲ್ಲ.

ಪದರಗಳ ಕೆಳಗೆ, ತೂತಿನ ಬಾಯಲ್ಲಿ, ಬಣ್ಣ ಇಳಿದು ಗಟ್ಟಿಯಾದ ಬಿರಡೆಯೊಂದು ಕಂಡಿತು. ವೆಲ್ಡಿಂಗ್‌ನವನು ಡ್ರಿಲ್ಲು ತಂದ. ಬೇಡವೆಂದೆ. ಡ್ರಿಲ್ಲು ಒಳಗಿನ ಎಳೆಗೆ ತಾಗಿದರೆ ಮುಗಿಯಿತು. ಸೈಕಲ್ಲಿನ ಕಡ್ಡಿಯ ತುದಿಯನ್ನು ಚಪ್ಪಟೆ ಮಾಡಿ, ಬೆರಳಲ್ಲಿ ಹಿಡಿದು ತಿರುಗಿಸುತ್ತ, ಬಂದ ಪುಡಿಯನ್ನು ಊದುತ್ತ, ಭಾನುವಾರ ಮಧ್ಯಾಹ್ನದ ತನಕ ಕೂತೆ. ಕಡ್ಡಿ ತಟಕ್ಕನೆ ಒಳಗಿಳಿಯಿತು. ಸೀಮೆಎಣ್ಣೆ ಬಿಟ್ಟೆ. ಮೊದಲ ತೊಟ್ಟು ಅಲ್ಲೇ ನಿಂತಿತು, ಹತ್ತು ನಿಮಿಷಕ್ಕೆ ಮಾಯವಾಯಿತು. ಇನ್ನೊಂದು ಬಿಟ್ಟೆ. ಅದೂ ಹೋಯಿತು. ಸಂಜೆಯವರೆಗೆ ಹಾಗೇ ಕುಡಿಸಿದೆ. ಹೆಂಡತಿ ಬಂದು ನೋಡಿ, ಮಕ್ಕಳು ಕೂಸಾಗಿದ್ದಾಗ ಒಂದು ದಿನವೂ ಹೀಗೆ ಕೂತು ಹಾಲು ಕುಡಿಸಿದವರಲ್ಲ ಎಂದು ಹೇಳಿ ಹೋದಳು.

ಸೋಮವಾರ ಬೆಳಿಗ್ಗೆ ವೈಸಿನ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಕಂದು ಬಣ್ಣದ ಒದ್ದೆ ಕಲೆಯಿತ್ತು. ಎಣ್ಣೆ ನಟ್ಟನ್ನು ದಾಟಿ ಬಂದಿದೆ! ನೆಟ್ಟಗೆ ಮಾಡಿಟ್ಟಿದ್ದ ಹಿಡಿಯನ್ನು ಹಿಡಿದೆ, ಪೈಪು ಹಾಕಲಿಲ್ಲ. ಬಿಚ್ಚುವ ಕಡೆಗಲ್ಲ, ಮೊದಲು ಬಿಗಿಯುವ ಕಡೆಗೆ ತುಸು ಒತ್ತಿದೆ. ಆಮೇಲೆ ಈ ಕಡೆಗೆ. ಮತ್ತೆ ಆ ಕಡೆಗೆ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಮುಲುಗಿದಂಥ ಸದ್ದು ಬಂದು ಹಿಡಿ ಒಂದು ಬೆರಳಷ್ಟು ಸರಿಯಿತು. ನಾನು ಖುಷಿಪಡಲಿಲ್ಲ. ಮತ್ತೆ ಬಗ್ಗಿತೇನೋ ಎಂದು ಮೊದಲು ಹಿಡಿಯನ್ನೇ ನೋಡಿದೆ. ಬಗ್ಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುಂದಿನ ದವಡೆ ಪೂರ್ತಿ ಹೊರಗೆ ಬಂತು. ಸ್ಕ್ರೂವಿನ ಚೌಕ ಎಳೆಗಳಲ್ಲಿ ಕೂತಿದ್ದ ತುಕ್ಕನ್ನು ತಂತಿ ಬ್ರಷ್ಷಿನಿಂದ ತೆಗೆದೆ. ಎಳೆಗಳು ಸವೆದಿದ್ದವು, ಮುರಿದಿರಲಿಲ್ಲ. ಒಳಗುಳಿದಿದ್ದ ನಾಲ್ಕನೆಯ ಸ್ಕ್ರೂವನ್ನು ಕೊರೆದು ತೆಗೆದು, ಪಟ್ಟಿಗಳನ್ನು ಕೂರಿಸಿ, ಗ್ರೀಸು ತುಂಬಿ, ಎರಡಂಗುಲ ದಪ್ಪದ ಹಲಗೆಗೆ ಬೋಲ್ಟು ಹಾಕಿ ನಿಲ್ಲಿಸಿದೆ. ಬಣ್ಣವನ್ನೆಲ್ಲ ಕೆರೆದ ಮೇಲೆ ಉಳಿದದ್ದು ಕಪ್ಪು ಕಲೆಗಳ ಬೋಳು ಬೀಡುಕಬ್ಬಿಣ.

ಮಂಗಳವಾರ ಮೇಸ್ತ್ರಿಯ ಮಗಳು ಬಂದಳು. ನನ್ನನ್ನು ಮಾತಾಡಿಸುವ ಮೊದಲು ವೈಸಿನ ಹಿಡಿಯನ್ನು ಒಂದೇ ಬೆರಳಲ್ಲಿ ತಳ್ಳಿದಳು. ಅದು ತಿರುಗಿ, ತನ್ನ ಭಾರಕ್ಕೆ ಇನ್ನರ್ಧ ಸುತ್ತು ಹೋಯಿತು.

"ಬಣ್ಣ ಬಳ್ದು ಕೊಡಲಾ?" ಎಂದೆ.

ಅವಳು ಎಣ್ಣೆ ತೂತಿನ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದಳು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಬುಧವಾರ ಲಗೇಜ್ ಆಟೋದಲ್ಲಿ ಹಿರೇಗುಂಟನೂರಿಗೆ ಹೊರಟೆವು. ನಾನು ಹೋಗಬೇಕಾದ ಅಗತ್ಯವಿರಲಿಲ್ಲ. ಮಧ್ಯದಲ್ಲಿ ನಟ್ಟು ಹಿಡಿದುಕೊಂಡರೆ? ಸವೆದ ಎಳೆ ಜಾರಿದರೆ? ಹೀಗೆ ಅನೇಕ "ರೆ"ಗಳನ್ನು ಹೊತ್ತು, ಸೀಮೆಎಣ್ಣೆ ಬಾಟಲಿ, ಪೈಪು, ಸುತ್ತಿಗೆ ಎಲ್ಲ ಚೀಲಕ್ಕೆ ತುಂಬಿಕೊಂಡು ಕೂತಿದ್ದೆ.

ಮರದ ನೆರಳಲ್ಲಿ ಹಲಗೆಯನ್ನು ಎರಡು ಕಲ್ಲುಗಳ ಮೇಲಿಟ್ಟು ಗೂಟ ಹೊಡೆದು ಬಿಗಿದೆವು. ಅವಳು ವೈಸಿನ ಬಾಯಿಗೆ ತೊಗಲಿನ ತುಂಡುಗಳನ್ನು ಇಟ್ಟು ಕೂತಳು. ನಾನು ಅವಳ ಮುಂದೆ, ಕಾಲು ಚಾಚಿಕೊಂಡು. ಹಿಂದಿನ ದಿನ ನನ್ನ ಶೆಡ್ಡಿನಲ್ಲಿ ಇದೇ ವೈಸಿನಲ್ಲಿ ಅವಳು ಕಟ್ಟಿ ತಂದಿದ್ದ ಹನ್ನೆರಡು ಕತ್ತರಿಗಳನ್ನು ಹಂಚಿಯಾಯಿತು. ತೊಳೆದು ಒಣಗಿಸಿದ ಕುರಿಗಳನ್ನು ಒಂದೊಂದಾಗಿ ಕೆಡವಿ, ಕಾಲು ಕಟ್ಟಿ, ಹೊಟ್ಟೆಯ ಕಡೆಯಿಂದ ಶುರು ಮಾಡಿದರು. ಮಂದೆಯ ಯಜಮಾನರು, ಅರವತ್ತು ದಾಟಿದ ಸಣಕಲು ಮನುಷ್ಯ, ತಾವೇ ಮೊದಲ ಕತ್ತರಿ ಹಿಡಿದಿದ್ದರು.

ಅರ್ಧ ಕುರಿಗೆ ಅವರ ಕೈ ನಿಂತಿತು. ಕತ್ತರಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಎದ್ದು ನಮ್ಮ ಕಡೆಗೇ ಬಂದರು.

"ಮೇಸ್ತ್ರಿ, ತುದಿ ಕಚ್ತಾ ಇಲ್ಲ ನೋಡ್ರಿ," ಎಂದು ಕತ್ತರಿಯನ್ನು ನನ್ನ ಮುಂದೆ ಚಾಚಿದರು.

ಕೈ ತಾನಾಗಿ ಮೇಲೆದ್ದಿತು. ರಿವೆಟ್ಟು ಒಂದೆಳೆ ಸಡಿಲವಾಗಿದೆ ಎಂದು ದೂರದಿಂದಲೇ ಗೊತ್ತಾಗಿತ್ತು, ಎರಡು ಏಟಿನ ಕೆಲಸ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ತಲೆ ಕೆರೆದುಕೊಂಡೆ.

"ನಾನಲ್ಲ ಸ್ವಾಮಿ, ಅಲ್ಲಿ ಕೊಡ್ರಿ. ನಾನು ವೈಸು ಹೊರಾಕೆ ಬಂದೋನು."

ಅವರು ನನ್ನನ್ನೂ ಅವಳನ್ನೂ ನೋಡುತ್ತ ನಿಂತರು. ಅವಳು ಕೂತಲ್ಲಿಂದಲೇ, "ತರ್ರಿ ಇಲ್ಲಿ," ಎಂದು ಕೈ ನೀಡಿ ಇಸಿದುಕೊಂಡಳು. ಅಲಗನ್ನು ತೊಗಲಿನ ನಡುವೆ ಇಟ್ಟು ಹಿಡಿಯನ್ನು ಅಂಗೈಯಿಂದ ಒಂದು ಸಲ ಸುತ್ತಿದಳು. ಜಾರಲಿಲ್ಲ. ರಿವೆಟ್ಟಿನ ಮೇಲೆ ಎರಡು ಏಟು, ತುದಿಗೆ ಅರದಿಂದ ಒಂದು ಎಳೆತ. ಬಿಚ್ಚಿ, ಕಣ್ಣಿನ ಮಟ್ಟಕ್ಕೆ ಹಿಡಿದು, ತನ್ನ ಸೆರಗಿನ ನೂಲೊಂದನ್ನು ಕತ್ತರಿಸಿ ನೋಡಿ ಕೊಟ್ಟಳು.

"ಈಗ ನೋಡ್ರಿ."

ಅವರು ಹೋದರು. ಉಳಿದರ್ಧ ಉಣ್ಣೆ ಕಂಬಳಿಯ ಹಾಗೆ ಒಂದೇ ಹಾಸಾಗಿ ಬಂತು. ಕಟ್ಟು ಬಿಚ್ಚಿದ ಕುರಿ ಎದ್ದು ಮೈ ಕೊಡವಿ ಓಡಿತು. ಅದರ ಮೈಮೇಲೆ ಎಲ್ಲಾದರೂ ರಕ್ತವಿದೆಯೇ ಎಂದು ನಾನು ಮಂದೆಯೊಳಗೆ ಸೇರುವವರೆಗೆ ಕಣ್ಣು ಕೀಳದೆ ನೋಡಿದೆ. ಇರಲಿಲ್ಲ. ಯಜಮಾನರು ಏನೂ ಹೇಳದೆ ಮುಂದಿನ ಕುರಿಗೆ ಕೈ ಹಾಕಿದರು. ಹೇಳದೆ ಇದ್ದದ್ದು ಒಳ್ಳೆಯದೋ ಕೆಟ್ಟದೋ ಎಂದು ನನಗೆ ಊಟದ ಹೊತ್ತಿನ ತನಕ ತಳಮಳ.

ಊಟ ಮುಗಿದು ಕೆಲಸ ಮತ್ತೆ ಶುರುವಾಗಿ ಸ್ವಲ್ಪ ಹೊತ್ತಿಗೆ ಅವರು ಇನ್ನೆರಡು ಮೊಂಡು ಕತ್ತರಿ ಹಿಡಿದು ಬಂದರು. ಈ ಸಲ ನನ್ನ ಮುಖ ನೋಡಲಿಲ್ಲ. ಸೀದಾ ಬರುವ ದಾರಿಗೆ ನನ್ನ ಕಾಲು ಅಡ್ಡವಿತ್ತು.

"ಅವ್ವಾ, ಇವೆರಡು ನೋಡು. ಮತ್ತೆ ಸಂಜಿಗೆ ಊರಿಗೆ ಹೋಗ್ಬ್ಯಾಡ, ನಮ್ಮನೇಲೇ ಇರು. ನಾಳೆ ನನ್ ತಮ್ಮನ ಮಂದೆ ಐತೆ," ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿ, "ಸ್ವಲ್ಪ ಸರೀರಿ," ಎಂದರು.

ನಾನು ಕಾಲು ಮಡಚಿಕೊಂಡು ದಾರಿ ಬಿಟ್ಟೆ.